ಸಣ್ಣದೊಂದು ಗೀಟು

ಪಾಠ ನೆಲಮಾಳಿಗೆಯಲ್ಲಿ. ಹದಿನಾಲ್ಕು ಮೆಟ್ಟಿಲು ಕೆಳಗೆ.
ಹಳೆಯ ಎಕ್ಸ್-ರೇ ಹಾಳೆಗಳ ಕಪಾಟು, ಸೌತೆಕಾಯಿ ನೆನೆಹಾಕಿದ ಜಾಡಿ,
ಯಾರದೋ ಮಗು ಬಿಟ್ಟುಹೋದ ಹಿಮದ ಜಾರುಬಂಡಿ.
ಮಿಕೊಲಾಯಿವ್‌ನ ನಲ್ಲಿಗಳಲ್ಲಿ ಉಪ್ಪುನೀರು;
ಚಹಾಕ್ಕೆ ಸಿಹಿನೀರು ಹೊತ್ತು ತಂದವರಿಗೆ ಹೀಟರಿನ ಪಕ್ಕದ ಕುರ್ಚಿ.

ಕರಿಹಲಗೆ ಇಲ್ಲ. ಬಾಗಿಲ ಮೇಲೇ ಸೀಮೆಸುಣ್ಣ.
ನಾನು ಎಳೆಯುತ್ತೇನೆ: ಬದುಕುಳಿದವರ ರೇಖೆ.
ಅದೂ ಮೆಟ್ಟಿಲೇ. ಎಡದಿಂದ ಬಲಕ್ಕೆ ಇಳಿಯುತ್ತದೆ,
ಸಾವು ಬಂದಾಗಲೊಂದು ಮೆಟ್ಟಿಲು.
ಹತ್ತುವ ಪದ್ಧತಿ ಅದಕ್ಕಿಲ್ಲ.

"ಸಾಯದೆ, ಸುಮ್ಮನೆ ಸಿಗದೆ ಹೋದವರು?"
ಕೇಳಿದ್ದು ವರ್ವಾರಾ. ಇಪ್ಪತ್ತೆರಡು ವರ್ಷ ರಕ್ತ ತೆಗೆದ ನರ್ಸು,
ಸೂಜಿ ತಿಂದು ಸತ್ತ ತೋಳಿನಲ್ಲೂ ನರ ಹುಡುಕಬಲ್ಲವಳು,
ಐವತ್ತರ ಹೊಸಿಲಲ್ಲಿ
ಲಾಗರಿದಮ್ಮು ಕಲಿಯಲು ಕೂತಿದ್ದಾಳೆ, ಕೋಟು ಬಿಚ್ಚದೆ.

ಅವಳ ನೋಟುಬುಕ್ಕಿನಲ್ಲಿ ಇನ್ನೂರ ಆರು ಮಂದಿ.
ಹೆಸರಿಲ್ಲ, ಅಂಕಿ ಮಾತ್ರ; ನಾವು ಕಲಿಸಿದ ಮೊದಲ ಪಾಠವೇ ಅದು.
ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಿದ್ದವರು.
ಫೆಬ್ರವರಿಯ ಆ ಗುರುವಾರದ ನಂತರ
ಕೆಲವರು ಪೋಲೆಂಡಿಗೆ, ಕೆಲವರು ಸೈನ್ಯದ ಗೆರೆಯಾಚೆಗೆ,
ಒಬ್ಬ ಕಂದಕಕ್ಕೆ, ಮಾತ್ರೆಯ ಡಬ್ಬಿಯ ಚೀಟಿ ಕಿತ್ತು,
ಜೊತೆಯವರಿಗೆ ವಿಟಮಿನ್ನು ಅನ್ನುತ್ತ.
ಮೂವತ್ತೊಂದು ಜನ ಎಲ್ಲಿಗೂ ಅಲ್ಲ.

ಪರದೆಯ ಮೇಲೆ ದೂರದೂರಿನ ಗುರುಗಳು.
ಒಳ್ಳೆಯ ಮನುಷ್ಯ. ಬೆನ್ನ ಹಿಂದೆ ಕಿಟಕಿ, ಕಿಟಕಿಯಲ್ಲಿ ಅಳಿಲು.
ಕೇಳುತ್ತಾರೆ: "ಇವರು ಕಾಣೆಯಾದದ್ದು ಯಾದೃಚ್ಛಿಕವೇ?"
ತಪ್ಪು ಪ್ರಶ್ನೆಯಲ್ಲ. ಎಲ್ಲರೂ ಕೇಳಲೇಬೇಕಾದ್ದು.
ನಾನು ಅನುವಾದಿಸಿದೆ. ಮೊದಲು ಯಾರೂ ಉಸಿರೆತ್ತಲಿಲ್ಲ.
ಆಮೇಲೆ ವರ್ವಾರಾ ನಕ್ಕಳು, ಝ್ಲಾತಾ ನಕ್ಕಳು,
ನಗು ನಿಲ್ಲುವ ಮೊದಲು ಕರೆಂಟು ನಿಂತಿತು.
ಗುರುಗಳು ಅರ್ಧ ತೆರೆದ ಬಾಯಲ್ಲೇ ಹೆಪ್ಪುಗಟ್ಟಿದರು.

ಝ್ಲಾತಾ ಎದ್ದಳು. ಮೂರನೇ ಮಹಡಿಯಲ್ಲಿ
ಮೈನಸ್ ಎಂಬತ್ತರಲ್ಲಿ ಹನ್ನೊಂದು ವರ್ಷದ ಪ್ಲಾಸ್ಮಾ;
ಜನರೇಟರಿಗೆ ಡೀಸೆಲ್ ಅವಳೇ ಸುರಿಯಬೇಕು.
ಊರಿಗೆ ಊರೇ ಇಳಿಯುವ ಸೈರನ್ನಿಗೆ
ಅವಳೊಬ್ಬಳು ಹತ್ತುತ್ತಾಳೆ.

ಟಾರ್ಚಿನ ಬೆಳಕಲ್ಲಿ ಮುಂದುವರಿಸಿದೆ. ಇನ್ನೇನು ಮಾಡಲಿ?
ನೋಡಿ, ಸಿಗದೆ ಹೋದವನನ್ನು ಸತ್ತನೆಂದು ಬರೆಯಬಾರದು.
ಬದುಕಿದ್ದಾನೆಂದೂ ಬರೆಯಬಾರದು.
ಹೊಡೆದುಹಾಕುವುದಂತೂ ಕೂಡದು.
ಕೊನೆಯ ಸಲ ಕಂಡ ದಿನ ಯಾವುದು? ರೇಖೆಯ ಮೇಲೆ ಅಲ್ಲಿ
ಸಣ್ಣದೊಂದು ಗೀಟು. ಉಗುರಿನಷ್ಟು. ನೆಟ್ಟಗೆ.
ಅಲ್ಲಿಯತನಕ ಅವನು ನಮ್ಮವನು. ಛೇದದಲ್ಲಿ ಅವನ ಪಾಲಿದೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ,
ಇದು ಅದರ ತಿರುವುಮುರುವು:
ಆಟದಿಂದ ಎದ್ದುಹೋದವನು ಲೆಕ್ಕಕ್ಕುಂಟು.

ಸೂತ್ರಕ್ಕೂ ಒಂದು ನಂಬಿಕೆ ಬೇಕು:
ಹೋದವರೂ ಉಳಿದವರಂತೆಯೇ ಎಂದು.
ಆ ನಂಬಿಕೆ ಈ ಊರಲ್ಲಿ ನಿಲ್ಲುವುದಿಲ್ಲ.
ಅದನ್ನೂ ಹೇಳಿದೆ. ವರ್ವಾರಾ ಬರೆದುಕೊಂಡು
ಕೆಳಗೆ ಎರಡು ಗೆರೆ ಎಳೆದಳು.

ಯುಖಿಮ್‌ನ ಮನೆಗೆಲಸ ಪೂರ್ವದಿಂದ ಫೋನಿನಲ್ಲಿ ಬರುತ್ತಿತ್ತು,
ಮಂಡಿಯ ಮೇಲಿಟ್ಟು ಬರೆದ ಹಾಳೆ, ಅಂಚಿಗೆ ಮಣ್ಣಿನ ಬೆರಳು.
ನಾಲ್ಕನೆಯ ಲೆಕ್ಕ ತಪ್ಪಿತ್ತು, ವರ್ಗಮೂಲ ಮರೆತಿದ್ದ.
ತಿದ್ದಿ ಕಳಿಸಿದೆ. ಹದಿನೇಳು ದಿನವಾಯಿತು.
ಸಂದೇಶದ ಬದಿಯಲ್ಲಿ ಒಂದೇ ಗೀಟು,
ಎರಡನೆಯದು ಮೂಡಿಲ್ಲ.

ಕೈಗೆ ಡೀಸೆಲ್ ವಾಸನೆ ಹೊತ್ತು ಝ್ಲಾತಾ ಇಳಿದು ಬಂದಳು.
ಮುಚ್ಚಳ ಕಚ್ಚಿ ಪೆನ್ನು ತೆರೆದಳು.
"ಎಲ್ಲಿಗೆ ನಿಲ್ಲಿಸಿದ್ದಿರಿ?"